ಸಬ್‌ವೂಫರ್ ಇರುವ ಕಂಪ್ಯೂಟರ್ ಸ್ಪೀಕರ್ ಆರಿಸುವ ಕ್ರಮ: ಕೋಣೆ ಮೊದಲು, ವ್ಯಾಟ್ ಆಮೇಲೆ

ಅಂಗಡಿಯಲ್ಲಿ ಎದೆ ಝಲ್ಲೆನ್ನಿಸಿದ 2.1 ಸೆಟ್ಟು (ಎರಡು ಚಿಕ್ಕ ಸ್ಪೀಕರ್, ಬೇಸ್‌ಗೆಂದೇ ಒಂದು ಸಬ್‌ವೂಫರ್ ಡಬ್ಬ) ಮನೆಗೆ ಬಂದ ಮೇಲೆ ಬರೀ ಗುಂಯ್‌ಗುಡುತ್ತದೆ. ಹಾಡಿನ ಸಾಹಿತ್ಯ ಕಿವಿಗೆ ಬೀಳುವುದಿಲ್ಲ, ವಾರ್ತೆ ಓದುವವರ ದನಿ ಮೇಜಿನ ಕೆಳಗಿನಿಂದ ಬರುತ್ತದೆ. ಸಣ್ಣಗೆ ಇಟ್ಟರೆ ಬೇಸ್ ಇಲ್ಲ, ಜೋರು ಮಾಡಿದರೆ ಕಿಟಕಿ ಗಾಜು ಮಾತ್ರ ಅದುರುತ್ತದೆ. ಹೀಗೆ ಕೈಸುಟ್ಟುಕೊಳ್ಳುವವರೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಹೋಗಿರುತ್ತಾರೆ: ಮೊದಲು ವ್ಯಾಟ್, ಆಮೇಲೆ ಡಬ್ಬದ ಗಾತ್ರ, ಆಮೇಲೆ ಬೆಲೆ. ಎಲ್ಲಿ ಇಡುವುದು ಎಂಬ ಪ್ರಶ್ನೆ ಬರುವುದು ದುಡ್ಡು ಕೊಟ್ಟ ಮೇಲೆ.

ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕೋಣೆ ಮೊದಲು, ಎಡಬಲದ ಚಿಕ್ಕ ಸ್ಪೀಕರ್‌ಗಳು ಎರಡನೆಯದು, ಸಬ್‌ವೂಫರ್ ಮೂರನೆಯದು, ವ್ಯಾಟ್ ಕೊನೆಗೆ. ಮುಂದೆ ‘ಸಬ್’ ಎಂದರೆ ಬೇಸ್ ಡಬ್ಬ, ‘ಸ್ಯಾಟಲೈಟ್’ ಎಂದರೆ ಮಾನಿಟರಿನ ಅಕ್ಕಪಕ್ಕ ಇಡುವ ಚಿಕ್ಕ ಸ್ಪೀಕರ್.

ಕೈಲಿ ಇರಬೇಕಾದದ್ದು

ಅಳತೆ ಟೇಪು, ಮೊಬೈಲ್ ಟಾರ್ಚು, ಎರಡೂ ತುದಿಗೆ 3.5 ಮಿಮೀ ಪಿನ್ ಇರುವ ಆಕ್ಸ್ ಕೇಬಲ್. ಈಗಿನ ಎಷ್ಟೋ ಫೋನುಗಳಲ್ಲಿ ಹೆಡ್‌ಫೋನ್ ಜಾಕ್ ಇಲ್ಲ; ಹಾಗಿದ್ದರೆ ಟೈಪ್-ಸಿ ಕನ್ವರ್ಟರ್ ಜೊತೆಗಿರಲಿ. ಬ್ಲೂಟೂತ್‌ನಲ್ಲಿ ಮಾತ್ರ ಕೇಳಿ ಕೊಂಡರೆ ವೈರಿನ ಇನ್‌ಪುಟ್ ಹೇಗಿದೆ ಎಂಬುದು ಗೊತ್ತಾಗದೆ ಹೋಗುತ್ತದೆ.

ಫೋನಿಗೆ ಟೋನ್ ಜನರೇಟರ್ ಆ್ಯಪ್ ಒಂದನ್ನು ಹಾಕಿಕೊಳ್ಳಿ. 40ರಿಂದ 8,000 ಹರ್ಟ್ಸ್‌ವರೆಗಿನ ಸದ್ದು ಬಂದರೆ ಸಾಕು. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಸಂಖ್ಯೆ ಇಳಿದಷ್ಟೂ ಸ್ವರ ದಪ್ಪ. ಜೊತೆಗೆ ಮೂರು ಆಡಿಯೋ ಫೈಲ್ ಇಳಿಸಿಟ್ಟುಕೊಳ್ಳಿ: ಗಂಡಸೊಬ್ಬರು ಓದುವ ವಾರ್ತೆ, ಮೃದಂಗ ಅಥವಾ ತಬಲಾ ತನಿ, ಮತ್ತು ನೀವು ನೂರಾರು ಬಾರಿ ಕೇಳಿರುವ ಯಾವುದಾದರೂ ಹಾಡು. ಅಂಗಡಿಯವರು ಹಾಕುವ ಡೆಮೋ ಹಾಡು ನಂಬಬೇಡಿ. ಆ ಸೆಟ್ಟಿನ ಬಲ ಎಲ್ಲಿದೆಯೋ ಅಲ್ಲೇ ಕುಣಿಯುವ ಹಾಡನ್ನು ಅವರು ಆರಿಸಿಟ್ಟಿರುತ್ತಾರೆ.

ಹಂತ 1: ಕೋಣೆ ಅಳೆಯಿರಿ

ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಇರುವುದು ಹೆಚ್ಚಾಗಿ 10×10 ಅಥವಾ 10×12 ಅಡಿಯ ಕೋಣೆಯಲ್ಲಿ. ಇಟ್ಟಿಗೆ ಇಲ್ಲವೇ ಕಾಂಕ್ರೀಟ್ ಬ್ಲಾಕಿನ ಗೋಡೆ, ಆರ್‌ಸಿಸಿ ತಾರಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಬೇಸ್ ಹೊರಹೋಗಲು ದಾರಿಯೇ ಇಲ್ಲದ ಪೆಟ್ಟಿಗೆ ಇದು. ಹಾಗಾಗಿ ತೆಳು ಗೋಡೆಯ ಮನೆಗಳಲ್ಲಿ ಕುಳಿತವರು ಬರೆದ ವಿಮರ್ಶೆ ಓದಿ ದೊಡ್ಡ ಸಬ್ ತಂದರೆ ಇಲ್ಲಿ ಅದು ಅತಿಯಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಇದನ್ನು ಎದುರುಬದುರು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. 10 ಅಡಿ ಎಂದರೆ 3.05 ಮೀಟರ್, ಉತ್ತರ ಸುಮಾರು 56 ಹರ್ಟ್ಸ್. 12 ಅಡಿಗೆ ಸುಮಾರು 47 ಹರ್ಟ್ಸ್. ಆ ಸ್ವರ ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಗೋಡೆಗೆ ಒರಗಿ ಕೂತವರಿಗೆ ಹೊಟ್ಟೆಗೆ ಗುದ್ದಿದ ಹಾಗಾಗುತ್ತದೆ, ಕೋಣೆಯ ನಟ್ಟನಡುವೆ ಕೂತವರಿಗೆ ಅದೇ ಸ್ವರ ಕೇಳುವುದೇ ಇಲ್ಲ.

ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇದ್ದರೆ ಮೂರೂ ಉಬ್ಬು ಒಂದೇ ಸ್ವರದ ಮೇಲೆ ಬಂದು ಬೀಳುತ್ತವೆ. ಇದಕ್ಕಿಂತ ಕೆಟ್ಟ ಕೋಣೆ ಬೇರೆ ಇಲ್ಲ. ಇಂಥ ಕೋಣೆಗೆ 8 ಇಂಚಿನ ಸಬ್ ತರಬೇಡಿ. 4ರಿಂದ 5.25 ಇಂಚಿನದು, ಅದರ ಮೇಲೆ ಸಬ್‌ಗೇ ಬೇರೆ ವಾಲ್ಯೂಮ್ ನಾಬ್ ಇರುವುದು ಸಾಕು. ಬಟ್ಟೆ ತುಂಬಿದ ಕಪಾಟು, ಹತ್ತಿಯ ಹಾಸಿಗೆ, ದಪ್ಪ ಪರದೆ ಇದ್ದರೆ ಪ್ರತಿಧ್ವನಿ ಕಡಿಮೆಯಾಗುತ್ತದೆ, ಬೇಸ್ ಉಬ್ಬು ಅಷ್ಟಾಗಿ ಇಳಿಯದು. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್‌ನಿಂದಂತೂ ಬೇಸ್‌ಗೆ ಏನೂ ಆಗುವುದಿಲ್ಲ. ಆ ದುಡ್ಡು ಉಳಿಸಿ.

ಇನ್ನೊಂದು ಅಳತೆ ಬಾಕಿಯಿದೆ: ನಿಮ್ಮ ಕಿವಿಯಿಂದ ಸ್ಯಾಟಲೈಟ್ ಕೂರುವ ಜಾಗಕ್ಕೆ ಎಷ್ಟು ದೂರ? ಮೇಜಿನ ಮುಂದೆ ಕೂತವರಿಗೆ ಇದು 2ರಿಂದ 3 ಅಡಿ. ವ್ಯಾಟ್ ಲೆಕ್ಕ ಬಂದಾಗ ಇದು ಬೇಕಾಗುತ್ತದೆ.

ಹಂತ 2: ಸಬ್ ನಿಜಕ್ಕೂ ಬೇಕೇ?

ಬಜೆಟ್ 3 ಸಾವಿರ ರೂಪಾಯಿಯೊಳಗೆ ಇದ್ದು, ಮುಖ್ಯವಾಗಿ ಮಾತು, ಆನ್‌ಲೈನ್ ಪಾಠ, ಶಾಸ್ತ್ರೀಯ ಸಂಗೀತ ಕೇಳುವವರಾದರೆ ಸಬ್ ಇಲ್ಲದ ಒಳ್ಳೆಯ ಎರಡು ಸ್ಪೀಕರ್ ತಗೊಳ್ಳಿ. ಅದೇ ದುಡ್ಡಿನಲ್ಲಿ ಮೂರು ಡಬ್ಬ, ಒಂದು ರಿಮೋಟು, ಬಣ್ಣದ ಲೈಟು ಎಲ್ಲ ಮಾಡಬೇಕಾದವನು ಎಲ್ಲೋ ಒಂದು ಕಡೆ ಕತ್ತರಿ ಹಾಕಿಯೇ ಹಾಕುತ್ತಾನೆ, ಮತ್ತು ಆ ಕತ್ತರಿ ಬೀಳುವುದು ಸ್ಯಾಟಲೈಟ್ ಮೇಲೆ. ಸಿನಿಮಾ, ಗೇಮು, ಇಂದಿನ ಹಾಡುಗಳೇ ಹೆಚ್ಚು ಎಂದಾದರೆ 2.1 ಸರಿ.

5.1, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್ ಇರುವ ಸೆಟ್ಟು, ಬೇಡ. ಮೇಜಿನ ಮುಂದೆ ಕೂತವನ ಬೆನ್ನ ಹಿಂದೆ ಸ್ಪೀಕರ್ ಇಡಲು ಸ್ಟ್ಯಾಂಡು, ಕೋಣೆ ತುಂಬ ವೈರು ಎಲ್ಲ ಬೇಕು. ತಂದವರ ಮನೆಯಲ್ಲಿ ಆ ಹಿಂಬದಿ ಸ್ಪೀಕರ್‌ಗಳು ಬಹಳ ಸಲ ಮಾನಿಟರಿನ ಪಕ್ಕದಲ್ಲೇ ಕೂತಿರುತ್ತವೆ.

ಹಂತ 3: ಸ್ಯಾಟಲೈಟ್ ನೋಡಿ, ಸಬ್ ಕಡೆ ಇನ್ನೂ ತಿರುಗಬೇಡಿ

ಇಡೀ ಆಯ್ಕೆ ನಿಲ್ಲುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಯಾವ ಸ್ವರದವರೆಗೆ ಸಬ್, ಅಲ್ಲಿಂದ ಮೇಲೆ ಸ್ಯಾಟಲೈಟ್ ಎಂದು ಒಳಗಿನ ಸರ್ಕ್ಯೂಟ್ ಗೆರೆ ಎಳೆಯುತ್ತದೆ. ಆ ಗೆರೆಯೇ ಕ್ರಾಸ್‌ಓವರ್. ದೊಡ್ಡ ಹೋಮ್ ಥಿಯೇಟರ್‌ಗಳಲ್ಲಿ ಅದು ಸಾಮಾನ್ಯವಾಗಿ 80 ಹರ್ಟ್ಸ್. ಸುಮಾರು ಅಷ್ಟರ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸಲಾರದು, ಹಾಗಾಗಿ ದಿಕ್ಕಿನ ಮಟ್ಟಿಗೆ ಸಬ್ ಎಲ್ಲಿ ಇಟ್ಟರೂ ನಡೆಯುತ್ತದೆ. ಕಂಪ್ಯೂಟರ್ ಸೆಟ್ಟಿನ 2 ಇಂಚಿನ ಸ್ಯಾಟಲೈಟ್‌ಗೆ ಆ ಶಕ್ತಿ ಇಲ್ಲ. ಅಷ್ಟು ಚಿಕ್ಕ ಕೋನ್ (ಸದ್ದು ಹೊರಡಿಸಲು ಅಲುಗಾಡುವ ಭಾಗ) 150-200 ಹರ್ಟ್ಸ್ ಕೆಳಗೆ ಇಳಿಯುವಷ್ಟರಲ್ಲಿ ಸುಸ್ತಾಗುತ್ತದೆ. ಆಗ ತಯಾರಕರು ಆ ಗೆರೆಯನ್ನು ಮೇಲಕ್ಕೆ ತರಲೇಬೇಕು.

ಗಂಡಸಿನ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್. ಗೆರೆ 200ಕ್ಕೆ ಬಿದ್ದರೆ ಆ ದನಿಯ ಬುಡ ಸಬ್‌ಗೆ ಹೋಯಿತು, ತಲೆ ಸ್ಯಾಟಲೈಟ್‌ನಲ್ಲಿ ಉಳಿಯಿತು. ವಾರ್ತೆ ಓದುವವರು ಮೇಜಿನ ಕೆಳಗೆ ಕೂತಂತೆ ಕೇಳುವುದು ಇದೇ ಕಾರಣಕ್ಕೆ. ಇನ್ನು ಕೆಲವು ಅಗ್ಗದ ಸೆಟ್ಟುಗಳಲ್ಲಿ ಸಬ್ 120ಕ್ಕೇ ನಿಲ್ಲುತ್ತದೆ, ಸ್ಯಾಟಲೈಟ್ 200ರಿಂದ ಶುರುವಾಗುತ್ತದೆ. ನಡುವಿನ ಹಳ್ಳದಲ್ಲಿ ಚೆಲ್ಲೊ, ಮೃದಂಗದ ಎಡಭಾಗ, ದನಿಯ ಮೈ ಎಲ್ಲ ಬಿದ್ದು ಹೋಗಿರುತ್ತವೆ. ಎಷ್ಟು ವಾಲ್ಯೂಮ್ ಕೊಟ್ಟರೂ ಆ ಹಳ್ಳ ತುಂಬುವುದಿಲ್ಲ.

ಆದ್ದರಿಂದ ಸ್ಯಾಟಲೈಟ್ ಕೋನ್ ಕನಿಷ್ಠ 2.5 ಇಂಚು ಇರಲಿ, 3 ಇಂಚು ಸಿಕ್ಕರೆ ಇನ್ನೂ ಒಳ್ಳೆಯದು. ಅಳೆಯುವಾಗ ಚೌಕಟ್ಟಿನ ಅಲಂಕಾರ ಬಿಟ್ಟು, ಒಳಗೆ ಅಲುಗಾಡುವ ಭಾಗವನ್ನು ಅದರ ರಬ್ಬರ್ ಅಂಚು ಸೇರಿಸಿ ಅಳೆಯಿರಿ.

ನಕಲಿ ಕೋನ್ ಬಗ್ಗೆ ಎಚ್ಚರ. ಒಂದೇ ಸ್ಯಾಟಲೈಟ್‌ನಲ್ಲಿ ಎರಡು ಮೂರು ಗುಂಡು ಕಂಡರೆ ಎಲ್ಲವೂ ಕೆಲಸ ಮಾಡುತ್ತವೆ ಎಂದುಕೊಳ್ಳಬೇಡಿ. ಜಾಲರಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ, ಕೆಲವು ಬರೀ ಅಚ್ಚು ಹಾಕಿದ ಪ್ಲಾಸ್ಟಿಕ್. ಫೋನಿನಿಂದ 8,000 ಹರ್ಟ್ಸ್ ಟೋನನ್ನು ತೀರಾ ಸಣ್ಣಗೆ ಹಾಕಿ ಟ್ವೀಟರ್ (ಚೂಪು ಸ್ವರಗಳಿಗೆಂದೇ ಇರುವ ಪುಟ್ಟ ಕೋನ್) ಇರುವ ಜಾಗಕ್ಕೆ ಕಿವಿ ಹತ್ತಿರ ತನ್ನಿ. ಅಲ್ಲಿಂದಲೇ ಸದ್ದು ಬರಬೇಕು.

ಸ್ಯಾಟಲೈಟ್ ವೈರು ಸಬ್‌ಗೆ ಹೇಗೆ ಸೇರಿದೆ ಎಂದೂ ನೋಡಿ. ಸ್ಪ್ರಿಂಗ್ ಕ್ಲಿಪ್ ಅಥವಾ ಆರ್‌ಸಿಎ ಪಿನ್ ಇದ್ದರೆ ವೈರು ತುಂಡಾದಾಗ ನೀವೇ ಬದಲಾಯಿಸಬಹುದು, ಉದ್ದ ಬೇಕೆಂದರೆ ಜೋಡಿಸಬಹುದು. ನೇರ ಒಳಗೇ ಬೆಸುಗೆ ಹಾಕಿದ್ದರೆ ಇಲಿ ಕಡಿದ ದಿನ ಡಬ್ಬ ಬಿಚ್ಚಬೇಕು.

ಹಂತ 4: ಈಗ ಸಬ್ ಡಬ್ಬ

ಬೆರಳ ಗೆಣ್ಣಿನಿಂದ ಪಕ್ಕದ ಹಲಗೆಯನ್ನು ತಟ್ಟಿ. ಟಕ್ ಎಂದು ಮೊಂಡು ಸದ್ದು ಬಂದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ದಪ್ಪವೂ ಸರಿಯಿದೆ. ಖಾಲಿ ಡಬ್ಬದ ಹಾಗೆ ಡಬ್ ಎಂದರೆ ತೆಳು ಹಲಗೆ ಅಥವಾ ಪ್ಲಾಸ್ಟಿಕ್, ಹಾಡು ಹಾಕಿದಾಗ ಡಬ್ಬವೂ ಸೇರಿ ಹಾಡುತ್ತದೆ. ಎತ್ತಿ ನೋಡಿ: 5.25 ಇಂಚಿನ ಸಬ್ 3 ಕೆಜಿಗಿಂತ ಹಗುರವಾಗಿದ್ದರೆ ಮ್ಯಾಗ್ನೆಟ್, ಟ್ರಾನ್ಸ್‌ಫಾರ್ಮರ್, ಹಲಗೆ ಈ ಮೂರರಲ್ಲಿ ಏನೋ ಒಂದು ಉಳಿತಾಯವಾಗಿದೆ.

ಗಾಳಿ ಹೊರಬರುವ ತೂತು, ಅಂದರೆ ಪೋರ್ಟ್, ಎಲ್ಲಿದೆ? ಹಿಂದೆ ಇದ್ದರೆ ಗೋಡೆಯಿಂದ 4-6 ಇಂಚು ಬಿಡಬೇಕು. ಪಕ್ಕದಲ್ಲಿದ್ದರೆ ಮೇಜಿನ ಕಾಲು, ಸಿಪಿಯು ಅಡ್ಡ ಬರಬಾರದು. ಕೋನ್ ನೆಲಕ್ಕೆ ಮುಖ ಮಾಡಿದ್ದರೆ ರಬ್ಬರ್ ಕಾಲುಗಳು ಎತ್ತರ ಮತ್ತು ಗಟ್ಟಿ ಇರಬೇಕು. ದಪ್ಪ ಕಂಬಳಿಯ ಮೇಲೆ ಇಂಥದ್ದನ್ನು ಇಟ್ಟರೆ ಉಸಿರು ಕಟ್ಟುತ್ತದೆ. ತೂತಿನ ಬಾಯಿ ಹೂವಿನಂತೆ ಹೊರಕ್ಕೆ ಬಾಗಿದ್ದರೆ ಒಳ್ಳೆಯದು. ಕತ್ತರಿಸಿದ ಪೈಪಿನಂತೆ ಚೂಪಾಗಿದ್ದರೆ ಜೋರು ಬೇಸ್ ಬಂದಾಗ ಫುಸ್ ಫುಸ್ ಎನ್ನುತ್ತದೆ.

ಕರಾವಳಿ, ಮಲೆನಾಡಿನವರು ಎರಡು ವಿಷಯ ಹೆಚ್ಚಾಗಿ ನೋಡಬೇಕು. ಎಂಡಿಎಫ್ ಮಳೆಗಾಲದ ತೇವಕ್ಕೆ ಊದಿಕೊಳ್ಳುತ್ತದೆ, ಮೊದಲು ಹೋಗುವುದು ಮೇಲುಹೊದಿಕೆ ಇಲ್ಲದ ತಳಭಾಗ ಮತ್ತು ತೂತಿನ ಸುತ್ತಲಿನ ಅಂಚು. ಹಾಗಾಗಿ ಡಬ್ಬ ಬುಡಮೇಲು ಮಾಡಿ, ಹಸಿ ಹಲಗೆ ಕಾಣುತ್ತದೆಯೇ ನೋಡಿ. ಕೋನ್ ಸುತ್ತಲಿನ ಅಂಚು ಫೋಮ್ ಆಗಿದ್ದರೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ; ರಬ್ಬರ್ ಅಂಚು ಬಾಳಿಕೆ ಬರುತ್ತದೆ. ಬೆರಳಿಂದ ಮೆತ್ತಗೆ ಮುಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಕೋನ್ ನಡುವಿನ ಗುಬ್ಬಿಯನ್ನು ಮಾತ್ರ ಒತ್ತಬೇಡಿ.

ಹಂತ 5: ವ್ಯಾಟ್ ಸಂಖ್ಯೆಯ ಸಿಪ್ಪೆ ಸುಲಿಯಿರಿ

ಸ್ಟಿಕ್ಕರ್ ಮೇಲೆ ಪಿಎಂಪಿಒ ಎಂದಿದ್ದರೆ ಆ ಸಂಖ್ಯೆಯನ್ನು ಓದಲೂ ಹೋಗಬೇಡಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಎಷ್ಟು ಬೇಕಾದರೂ ಬರೆಯಬಹುದು. ‘ಪೀಕ್’ ಎಂದರೆ ಕ್ಷಣಮಾತ್ರದ ಏರಿಕೆ. ಬೇಕಾದದ್ದು ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ ಪವರ್. ಲಾಜಿಟೆಕ್‌ನ ಝಡ್333ರಲ್ಲಿ ಪೀಕ್ 80 ವ್ಯಾಟ್, ಆರ್‌ಎಂಎಸ್ 40 ವ್ಯಾಟ್. ಎರಡೂ ಸುಳ್ಳಲ್ಲ, ಆದರೆ ಒಂದರ ಪೀಕನ್ನು ಇನ್ನೊಂದರ ಆರ್‌ಎಂಎಸ್ ಜೊತೆ ತೂಗಿದರೆ ಮೋಸ ಹೋಗುವುದು ನೀವು.

ಒಟ್ಟು ಸಂಖ್ಯೆ ತಿಳಿದ ಮೇಲೆ ಅದು ಹೇಗೆ ಹಂಚಿಕೆಯಾಗಿದೆ ಎಂದು ನೋಡಿ. ಅದೇ ಝಡ್333ರಲ್ಲಿ ಸಬ್‌ಗೆ 24, ಸ್ಯಾಟಲೈಟ್‌ಗೆ ತಲಾ 8. ಝಡ್313ರ 25 ವ್ಯಾಟ್‌ನಲ್ಲಿ ಸಬ್‌ಗೆ 15, ಸ್ಯಾಟಲೈಟ್‌ಗೆ ತಲಾ 5. 200 ವ್ಯಾಟಿನ ಝಡ್623ರಲ್ಲಿ 130 ಮತ್ತು ತಲಾ 35. ಮೂರರಲ್ಲೂ ಸಬ್‌ನ ಪಾಲು ಶೇ. 60-65. ಈ ಆಸುಪಾಸಿನ ಹಂಚಿಕೆ ಸಮತೋಲದ್ದು. ಸಬ್ ಒಂದೇ ಶೇ. 80 ನುಂಗಿ ಸ್ಯಾಟಲೈಟ್‌ಗೆ ಮೂರು-ಮೂರು ವ್ಯಾಟ್ ಬಿಟ್ಟಿದ್ದರೆ, ಜೋರು ಮಾಡಿದಾಗ ಮೊದಲು ಒಡೆಯುವುದು ಹಾಡುವವರ ಕಂಠ.

ಎಷ್ಟು ವ್ಯಾಟ್ ಸಾಕು? ಮೇಜಿನ ಮುಂದೆ 2-3 ಅಡಿಯಲ್ಲಿ ಕೂತವರಿಗೆ ಒಟ್ಟು 25-40 ಆರ್‌ಎಂಎಸ್ ಧಾರಾಳ. ಹಾಸಿಗೆಯ ಮೇಲೆ ಕೂತು ಅದೇ ಸೆಟ್ಟಿನಲ್ಲಿ ಸಿನಿಮಾ ನೋಡುವವರಿಗೆ 50-80. ಪವರ್ ಎರಡರಷ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಒಂದು ಮೆಟ್ಟಿಲು ಏರಿದಷ್ಟೇ. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಹಾಗಾಗಿ 40ರಿಂದ 60ಕ್ಕೆ ಏರಲು ಎರಡು ಸಾವಿರ ಹೆಚ್ಚು ಕೊಡುವ ಬದಲು ಆ ದುಡ್ಡನ್ನು ದೊಡ್ಡ ಸ್ಯಾಟಲೈಟ್‌ಗೆ ಹಾಕಿ.

ಸುಳ್ಳು ಹಿಡಿಯಲು ಒಂದು ಉಪಾಯವಿದೆ. ಸೆಟ್ಟಿಗೆ ಅಡಾಪ್ಟರ್ ಇದ್ದರೆ ಅದರ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ. 12 ವೋಲ್ಟ್, 2 ಆಂಪಿಯರ್ ಎಂದರೆ ಒಳಗೆ ಹೋಗುವುದೇ 24 ವ್ಯಾಟ್. ಆ ಸೆಟ್ಟು ನಿರಂತರ 60 ವ್ಯಾಟ್ ಕೊಡಲಾರದು. ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸೆಟ್ಟಿನ ಮಿತಿ ಇನ್ನೂ ಕಡಿಮೆ. ಮಾಮೂಲಿ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್ ಕೊಡುತ್ತದೆ, ಯುಎಸ್‌ಬಿ 3.0 ಆದರೆ 4.5 ವ್ಯಾಟ್. ಚಿಕ್ಕ ಮೇಜಿಗೆ, ಹಾಸ್ಟೆಲ್ ಕೋಣೆಗೆ ಇಂಥದ್ದು ಸರಿ. ನಿಜವಾದ ಬೇಸ್ ಬೇಕೆನ್ನುವವರು ಗೋಡೆ ಪ್ಲಗ್ಗಿನದನ್ನೇ ತಗೊಳ್ಳಿ. ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಸೆಟ್ಟನ್ನು ಅಲ್ಲೇ ಬಿಡಿ.

‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬ ಸಾಲಿಗೂ ಬೆಲೆ ಕೊಡಬೇಡಿ. ಜೊತೆಗೆ ಪ್ಲಸ್-ಮೈನಸ್ 3 ಡೆಸಿಬಲ್ ಎಂಬಂಥ ಮಿತಿ ಬರೆಯದಿದ್ದರೆ ಅದು ಮನುಷ್ಯನ ಕಿವಿಯ ಅಳತೆಯೇ ಹೊರತು ಆ ಸ್ಪೀಕರಿನದಲ್ಲ.

ಹಂತ 6: ನಾಬ್, ಇನ್‌ಪುಟ್, ಕರೆಂಟು

ಮುಖ್ಯ ವಾಲ್ಯೂಮ್ ಕೈಗೆಟಕುವ ಜಾಗದಲ್ಲಿರಲಿ: ಬಲ ಸ್ಯಾಟಲೈಟ್ ಮೇಲೆ ಅಥವಾ ವೈರಿನ ತುದಿಯ ಪುಟ್ಟ ಗುಂಡಿಯಲ್ಲಿ. ಸಬ್‌ನ ಬೆನ್ನಿಗೆ ಮಾತ್ರ ಇದ್ದರೆ ಪ್ರತಿ ಸಲ ಮೇಜಿನ ಕೆಳಗೆ ನುಗ್ಗಬೇಕು. ಸಬ್‌ನ ಮಟ್ಟಕ್ಕೆ ಬೇರೆ ನಾಬ್ ಕಡ್ಡಾಯ. ಇದಿಲ್ಲದ ಸೆಟ್ಟು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಕೋಣೆಗೆ ಹೊಂದಿಸಲು ದಾರಿಯಿಲ್ಲ.

ಕರೆಂಟ್ ಹೋಗಿ ಬರುವ ಊರಿನವರು ಒಂದು ಪರೀಕ್ಷೆ ಮಾಡಲೇಬೇಕು. ಅಂಗಡಿಯಲ್ಲಿ ಹಾಡು ಹಾಕಿ, ವಾಲ್ಯೂಮ್ ಕಡಿಮೆ ಮಾಡಿ, ಆಕ್ಸ್ ಇನ್‌ಪುಟ್‌ನಲ್ಲಿಟ್ಟು, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ಎಫ್‌ಎಂ, ಮೆಮರಿ ಕಾರ್ಡ್, ಬ್ಲೂಟೂತ್ ಎಲ್ಲ ತುರುಕಿದ ಕೆಲವು ಸೆಟ್ಟುಗಳು ಹಳೆಯದನ್ನೆಲ್ಲ ಮರೆತು ಬ್ಲೂಟೂತ್‌ಗೆ ಹೋಗಿ, ಅರ್ಧಕ್ಕಿಂತ ಹೆಚ್ಚು ವಾಲ್ಯೂಮ್‌ನಲ್ಲಿ ಇಂಗ್ಲಿಷ್ ಘೋಷಣೆ ಕೂಗುತ್ತವೆ. ನಡುರಾತ್ರಿ ಕರೆಂಟ್ ಬಂದಾಗ ಮನೆಯವರೆಲ್ಲ ಏಳಬೇಕು. ತಿರುಗಿಸುವ ಹಳೆಯ ಮಾದರಿಯ ನಾಬ್‌ಗೆ ಈ ರೋಗವಿಲ್ಲ.

ಬ್ಲೂಟೂತ್ ಅನುಕೂಲಕ್ಕೆ ಸರಿ, ಗೇಮಿಗೂ ವಿಡಿಯೊ ಎಡಿಟಿಂಗಿಗೂ ಅಲ್ಲ. ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಕಂಪ್ಯೂಟರಿಗೆ ವೈರೇ ಹಾಕಿ.

ಹಂತ 7: ಅಂಗಡಿಯಲ್ಲಿ ಕೇಳುವ ಕ್ರಮ

ಬೆಂಗಳೂರಿನ ಎಸ್.ಪಿ. ರೋಡಿನಂಥ ಗದ್ದಲದ ಜಾಗಕ್ಕೆ ಹೋಗುವವರು ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ. ಜನಜಂಗುಳಿಯ ನಡುವೆ ಯಾವ ಸೆಟ್ಟಾದರೂ ಬೇಸ್ ಕಡಿಮೆ ಎನ್ನಿಸುತ್ತದೆ, ಆಗ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಳ್ಳುತ್ತೀರಿ.

ಮೊದಲು ಟ್ರೆಬಲ್, ಬೇಸ್ ನಾಬ್‌ಗಳನ್ನೆಲ್ಲ ನಡುವಿಗೆ ತನ್ನಿ. ತೋರಿಸಲು ಇಟ್ಟ ಸೆಟ್ಟಿನಲ್ಲಿ ಬೇಸ್ ಪೂರ್ತಿ ತಿರುಗಿಸಿಟ್ಟಿರುವುದು ಮಾಮೂಲು. ನಂತರ ವಾರ್ತೆ ಹಾಕಿ. ದನಿ ಎರಡು ಸ್ಯಾಟಲೈಟ್‌ಗಳ ನಡುವಿನ ಗಾಳಿಯಲ್ಲಿ ನಿಂತಂತೆ ಕೇಳಬೇಕು. ಈಗ ಸ್ಯಾಟಲೈಟ್ ವೈರುಗಳನ್ನು ಕಿತ್ತು ಸಬ್ ಒಂದನ್ನೇ ಕೇಳಿ. ಬರೀ ಗೊಣಗು ಬಂದರೆ ಪಾಸ್. ಪದಗಳು ಅರ್ಥವಾಗುವಷ್ಟು ಸ್ಪಷ್ಟವಾಗಿದ್ದರೆ ಕ್ರಾಸ್‌ಓವರ್ ತೀರಾ ಮೇಲಿದೆ, ಫೇಲ್. ವೈರು ಕೀಳಲು ಬಾರದ ಸೆಟ್ಟಾದರೆ ಸಬ್‌ನ ತೂತಿಗೆ ಕಿವಿಯಿಟ್ಟು ಕೇಳಿ. ಬಹುತೇಕ ಪೆಟ್ಟಿಗೆಗಳ ಮೇಲೆ ಕ್ರಾಸ್‌ಓವರ್ ಸಂಖ್ಯೆ ಬರೆದಿರುವುದಿಲ್ಲ, ಹಾಗಾಗಿ ಈ ಒಂದು ಪರೀಕ್ಷೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಮುಂದೆ ಟೋನ್. 40, 50, 60, 80, 100, 120, 150, 200, 250, 300 ಹರ್ಟ್ಸ್ ಒಂದೊಂದಾಗಿ, ಮಾತಿನ ಮಟ್ಟದ ವಾಲ್ಯೂಮ್‌ನಲ್ಲೇ ಹಾಕಿ. 120ರಿಂದ 250ರ ನಡುವೆ ಒಮ್ಮೆಲೇ ಸದ್ದು ಕುಸಿದರೆ ಮೂರನೇ ಹಂತದಲ್ಲಿ ಹೇಳಿದ ಹಳ್ಳ ಅದೇ. 40ಕ್ಕೆ ಏನೂ ಕೇಳದಿದ್ದರೆ ಬೇಜಾರಿಲ್ಲ, 5.25 ಇಂಚಿನ ಸಬ್ 50-60ರವರೆಗೆ ಇಳಿದರೆ ಸಾಕು. ಆದರೆ ಕೆಳಗಿನ ಟೋನ್‌ಗೆ ಡಬ್ಬದಲ್ಲಿ ಕಿರ್ರ್ ಎಂದು ಏನಾದರೂ ಅದುರಿದರೆ, ಅದು ಸಡಿಲ ಸ್ಕ್ರೂ ಅಥವಾ ಉಜ್ಜುತ್ತಿರುವ ಕಾಯಿಲ್. ಆ ಪೀಸ್ ಬೇಡ ಎನ್ನಿ.

ಕೊನೆಗೆ ಮೃದಂಗ. ಎಡದ ತೊಪ್ಪಿಯ ಒಂದೊಂದು ಪೆಟ್ಟೂ ಬಿದ್ದು ನಿಲ್ಲಬೇಕು. ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿಗೆ ಅಂಟಿಕೊಂಡು ಎಲ್ಲ ಸೇರಿ ಒಂದೇ ಗುಂಗು ಆದರೆ ಸಬ್ ನಿಧಾನದ್ದು. ಸಿನಿಮಾ ಸ್ಫೋಟದಲ್ಲಿ ಈ ದೋಷ ಗೊತ್ತೇ ಆಗುವುದಿಲ್ಲ, ಲಯವಾದ್ಯದಲ್ಲಿ ಮುಚ್ಚಿಡಲು ಆಗುವುದಿಲ್ಲ.

ಇಷ್ಟವಾದ ಮೇಲೆ ತೋರಿಸಿದ ಪೀಸ್ ಬಿಟ್ಟು ಸೀಲ್ ಆದ ಪೆಟ್ಟಿಗೆ ಕೇಳಿ, ಅದನ್ನೂ ಒಮ್ಮೆ ಹಾಕಿ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿದೆಯೇ ವಿಚಾರಿಸಿ. ಆನ್‌ಲೈನ್‌ನಲ್ಲಿ ತರಿಸಿದರೆ ‘ರಿಟರ್ನ್’ ಇದೆಯೋ ಬರೀ ‘ರಿಪ್ಲೇಸ್‌ಮೆಂಟ್’ ಇದೆಯೋ ಮೊದಲೇ ಓದಿಕೊಳ್ಳಿ. ಕ್ರಾಸ್‌ಓವರ್ ಸರಿಯಿಲ್ಲದ ಸೆಟ್ಟನ್ನು ಬದಲಾಯಿಸಿ ಕೊಟ್ಟರೂ ಬರುವುದು ಅಂಥದ್ದೇ.

ಹಂತ 8: ಮನೆಯಲ್ಲಿ ಇಡುವುದು

ಸ್ಯಾಟಲೈಟ್‌ಗಳ ನಡುವಿನ ದೂರ ಮತ್ತು ಪ್ರತಿಯೊಂದರಿಂದ ನಿಮ್ಮ ತಲೆಗಿರುವ ದೂರ ಮೂರೂ ಹೆಚ್ಚುಕಡಿಮೆ ಸಮ ಇರಲಿ. ಮುಖ ನಿಮ್ಮ ಕಡೆ ತಿರುಗಿರಲಿ, ಕೋನ್ ಕಿವಿಯ ಎತ್ತರಕ್ಕೆ ಬರಲಿ. ಎರಡು ದಪ್ಪ ಪುಸ್ತಕ ಕೆಳಗಿಟ್ಟರೂ ಸಾಕು. ಮೇಜಿನ ಹಲಗೆಗೆ ಬಡಿದು ಬರುವ ಸದ್ದು ಕಡಿಮೆಯಾಗಿ ಮಾತು ತಿಳಿಯಾಗುತ್ತದೆ. ಸ್ಪ್ರಿಂಗ್ ಕ್ಲಿಪ್ ಇದ್ದರೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೆ ವಾರ್ತೆಯವರ ದನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿದಂತೆ, ಟೊಳ್ಳಾಗಿ ಕೇಳುತ್ತದೆ.

ಸಬ್‌ಗೆ ಜಾಗ ಹುಡುಕುವ ವಿಧಾನ ನೋಡಲು ತಮಾಷೆಯಾಗಿದೆ, ಫಲ ಮಾತ್ರ ಖಚಿತ. ಸಬ್ಬನ್ನು ನೀವು ಕೂರುವ ಕುರ್ಚಿಯ ಮೇಲೆ ಇಡಿ. ಬೇಸ್ ಓಡಾಡುವ ಹಾಡು ಹಾಕಿ, ಮೇಜಿನ ಸುತ್ತ ನೆಲದ ಮಟ್ಟಕ್ಕೆ ಬಗ್ಗಿ ಕಿವಿ ಒಯ್ಯಿರಿ. ಎಲ್ಲ ಸ್ವರಗಳೂ ಒಂದೇ ಸಮ ಕೇಳುವ ಜಾಗ ಸಿಕ್ಕರೆ ಸಬ್ ಅಲ್ಲಿಗೆ, ನೀವು ಕುರ್ಚಿಗೆ. ಕಂಪ್ಯೂಟರ್ ಸೆಟ್ಟಿನ ವೈರು ಗಿಡ್ಡ ಇರುವುದರಿಂದ ಆಯ್ಕೆ ನಾಲ್ಕೈದು ಅಡಿಯೊಳಗೇ ಇರುತ್ತದೆ, ಆದರೂ ಒಂದಡಿ ಸರಿಸಿದಾಗಲೇ ಗುಂಯ್ ಅರ್ಧಕ್ಕಿಳಿಯುವುದುಂಟು. ಕೋಣೆಯ ಮೂಲೆ ಬೇಡ, ಅಲ್ಲಿ ಎಲ್ಲ ಉಬ್ಬುಗಳೂ ಒಟ್ಟಿಗೆ ಏಳುತ್ತವೆ. ಕ್ರಾಸ್‌ಓವರ್ ಎತ್ತರದಲ್ಲಿರುವ ಸೆಟ್ಟಾದರೆ ಸಬ್ ಎರಡು ಸ್ಯಾಟಲೈಟ್‌ಗಳ ನಡುವೆಯೇ ಇರಬೇಕು, ಇಲ್ಲದಿದ್ದರೆ ದನಿ ಒಂದು ಕಡೆ ವಾಲುತ್ತದೆ.

ಮೇಜಿನ ಮೇಲೆ, ಸಿಪಿಯು ಮೇಲೆ, ತಿರುಗುವ ಹಾರ್ಡ್‌ಡಿಸ್ಕ್ ಪಕ್ಕ ಇಡಬೇಡಿ. ಮೇಲಿನ ಮಹಡಿಯಲ್ಲಿರುವವರು ಡಬ್ಬದ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ತಾರಸಿಯ ಮೂಲಕ ಕೆಳಮನೆಗೆ ಇಳಿಯುವ ನಡುಕ ತಗ್ಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಗೋಡೆ ದಾಟುವುದರಲ್ಲಿ ಬೇಸ್‌ನಷ್ಟು ನಿಪುಣ ಬೇರೊಂದಿಲ್ಲವಾದ್ದರಿಂದ ರಾತ್ರಿ ಮುಖ್ಯ ವಾಲ್ಯೂಮ್‌ಗಿಂತ ಮೊದಲು ಸಬ್ ನಾಬ್ ಇಳಿಸಿ.

ಹಂತ 9: ಮಟ್ಟ ಹೊಂದಿಸುವುದು

ಕಂಪ್ಯೂಟರಿನ ವಾಲ್ಯೂಮ್ 80-90ರಲ್ಲಿ ನಿಲ್ಲಿಸಿ, ಮುಂದಿನ ಏರಿಳಿತವೆಲ್ಲ ಸ್ಪೀಕರಿನ ನಾಬ್‌ನಲ್ಲೇ ಮಾಡಿ. ಇದಕ್ಕೆ ತದ್ವಿರುದ್ಧ ಮಾಡಿದರೆ, ಅಂದರೆ ಕಂಪ್ಯೂಟರಿನಲ್ಲಿ 20 ಇಟ್ಟು ನಾಬ್ ಪೂರ್ತಿ ತಿರುಗಿಸಿದರೆ, ಹಾಡಿನ ಹಿಂದೆ ಸದಾ ಸುಯ್ ಎನ್ನುವ ಸದ್ದಿರುತ್ತದೆ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಸೌಂಡ್, ಪ್ಲೇಬ್ಯಾಕ್, ಕಾನ್ಫಿಗರ್ ಎಂದು ಹೋಗಿ ‘ಸ್ಟೀರಿಯೊ’ ಆರಿಸಿ. ಸಬ್ ಇದೆಯಲ್ಲ ಎಂದು 5.1 ಒತ್ತುವವರು ಬಹಳ. ಹಾಗೆ ಮಾಡಿದರೆ ನಡುವಿನ ಚಾನೆಲ್ಲಿಗೆ ಹೋಗುವ ಸಿನಿಮಾ ಸಂಭಾಷಣೆ ಇಲ್ಲದ ಸ್ಪೀಕರಿಗೆ ಹೋಗಿ ಮಾಯವಾಗುತ್ತದೆ. 2.1 ಸೆಟ್ಟು ಪಡೆಯುವುದು ಎಡ-ಬಲ ಎರಡೇ ಸಿಗ್ನಲ್, ಬೇಸ್ ಬೇರ್ಪಡಿಸುವುದು ಸಬ್‌ನ ಒಳಗಿನ ಸರ್ಕ್ಯೂಟ್. ಬೇಸ್ ಬೂಸ್ಟ್, ವರ್ಚುವಲ್ ಸರೌಂಡ್ ಎಲ್ಲ ಆಫ್.

ಈಗ ಸಬ್ ನಾಬ್ ಸೊನ್ನೆಗೆ ಇಳಿಸಿ. ಸ್ಯಾಟಲೈಟ್ ಮಾತ್ರ ಕೇಳುತ್ತಾ ದಿನನಿತ್ಯದ ಮಟ್ಟ ಇಟ್ಟುಕೊಳ್ಳಿ. ನಂತರ ಸಬ್ಬನ್ನು ನಿಧಾನ ಏರಿಸಿ, ‘ಓ, ಸಬ್ ಬಂತು’ ಅನ್ನಿಸಿದ ತಕ್ಷಣ ಒಂದು ಗೆರೆ ಹಿಂದಕ್ಕೆ ತನ್ನಿ. ಸಬ್ ಇದೆ ಎಂಬುದು ಅದನ್ನು ಆಫ್ ಮಾಡಿದಾಗ ಮಾತ್ರ ಗೊತ್ತಾಗಬೇಕು. ಮೊದಲ ಎರಡು ದಿನ ಬೇಸ್ ಕಡಿಮೆ ಅನ್ನಿಸುತ್ತದೆ, ಕಿವಿ ಹೊಂದಿಕೊಳ್ಳಲು ಬಿಡಿ.

ಹಂತ 10: ಹಮ್ ಬಂದರೆ

ಹಾಡು ನಿಲ್ಲಿಸಿದಾಗ ಸಣ್ಣಗೆ ಹ್ಮ್ ಎನ್ನುತ್ತಿದ್ದರೆ ಅದು 230 ವೋಲ್ಟ್, 50 ಹರ್ಟ್ಸ್ ಕರೆಂಟಿನ ಸದ್ದು. ಸೆಟ್ಟೇ ಕೆಟ್ಟಿದೆ ಎಂದು ಓಡುವ ಮೊದಲು ಹೀಗೆ ಮಾಡಿ. ಆಕ್ಸ್ ಕೇಬಲನ್ನು ಸ್ಪೀಕರಿನ ಕಡೆಯಿಂದಲೇ ಕೀಳಿ. ಆಮೇಲೂ ಹಮ್ ಇದ್ದರೆ ದೋಷ ಸ್ಪೀಕರಿನ ಒಳಗೆ, ಬದಲಾಯಿಸಿ. ನಿಂತರೆ ಕೇಬಲ್ ಮತ್ತೆ ಸಿಕ್ಕಿಸಿ, ಲ್ಯಾಪ್‌ಟಾಪ್ ಚಾರ್ಜರ್ ತೆಗೆಯಿರಿ. ಆಗ ಸದ್ದು ನಿಂತರೆ ಅದು ಅರ್ತ್ ಸುತ್ತಿಕೊಂಡು ಬರುವ ಹಮ್ (ಗ್ರೌಂಡ್ ಲೂಪ್).

ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಂದರ್ಭಗಳಲ್ಲಿ ಇದು ಹೋಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಮುಂದಿನ ಜಾಕ್ ಬಿಟ್ಟು ಹಿಂದಿನ ಹಸಿರು ಜಾಕ್ ಬಳಸಿ. ಆಗಲೂ ಹೋಗದಿದ್ದರೆ 3.5 ಮಿಮೀ ಗ್ರೌಂಡ್ ಲೂಪ್ ಐಸೊಲೇಟರ್ ನಡುವೆ ಹಾಕಿ. ಅದರಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. ತೀರಾ ಅಗ್ಗದ್ದು ಕೆಳಗಿನ ಬೇಸನ್ನೂ ನುಂಗುತ್ತದೆ, ಹಾಗಾಗಿ ಹಾಕುವ ಮುಂಚೆ ಮತ್ತು ನಂತರ 50 ಹರ್ಟ್ಸ್ ಟೋನ್ ಕೇಳಿ ಹೋಲಿಸಿ. ಹಮ್ ಹೋಗಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮುರಿಯುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಎಂದಿಗೂ ಮಾಡಬೇಡಿ, ಶಾಕ್ ಹೊಡೆಯದಂತೆ ನಿಮ್ಮನ್ನು ಕಾಯುವುದು ಅದೇ.

ಕರೆಂಟ್ ಹೋದಾಗ ಮಾತ್ರ ಸಬ್ ಗುರ್ರ್ ಎನ್ನುತ್ತದೆಯೇ? ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದಾಗಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಗೆ ಒದರುತ್ತದೆ, ಬಿಸಿಯೂ ಆಗುತ್ತದೆ. ಆ ಹೊತ್ತಿನಲ್ಲಿ ಸಬ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಕಂಪ್ಯೂಟರಿನ ಚಿಕ್ಕ ಯುಪಿಎಸ್‌ನ ಬ್ಯಾಟರಿ ಬದಿಗೆ ಸಬ್ ಸಿಕ್ಕಿಸುವುದೂ ಬೇಡ, ಬ್ಯಾಕಪ್ ಸಮಯ ಅದರ ಪಾಲಾಗುತ್ತದೆ.

ಮೊದಲ ವಾರ ಕಿವಿಗೊಡಬೇಕಾದ ಲಕ್ಷಣಗಳು

ಪೆಟ್ಟಿಗೆ, ಥರ್ಮೋಕೋಲ್, ಬಿಲ್ಲು ಯಾವುದನ್ನೂ ರಿಟರ್ನ್ ಗಡುವು ಮುಗಿಯುವವರೆಗೆ ಎಸೆಯಬೇಡಿ. ‘ಐವತ್ತು ಗಂಟೆ ಓಡಿಸಿ, ಸರಿಹೋಗುತ್ತೆ’ ಎಂಬ ಮಾತಿಗೆ ಕಾಯುತ್ತಾ ಕೂರಲೂಬೇಡಿ. ಮೊದಲ ದಿನ ಕರಕರ ಎನ್ನುವ ಕೋನ್ ಐವತ್ತನೇ ಗಂಟೆಯಲ್ಲೂ ಹಾಗೇ ಇರುತ್ತದೆ.

ಅರ್ಧ ವಾಲ್ಯೂಮ್‌ನಲ್ಲೇ ಸ್ಯಾಟಲೈಟ್ ಒಡೆದರೆ, ನಾಬ್ ತಿರುಗಿಸುವಾಗ ಒಂದು ಕಡೆ ಸದ್ದು ಹೋಗಿ ಬಂದರೆ, ಸ್ವಿಚ್ ಹಾಕಿದಾಗ ಕೋನ್ ಹೊರಕ್ಕೆ ಜಿಗಿದು ಧಡ್ ಎಂದರೆ ವಾಪಸ್ ಕಳಿಸಿ. ಒಂದು ಗಂಟೆ ಹಾಡಿದ ಮೇಲೆ ಸಬ್‌ನ ಹಿಂಬದಿಯ ಲೋಹದ ಪಟ್ಟಿ ಬೆಚ್ಚಗಿರುವುದು ಸಹಜ. ಕೈ ಇಡಲಾಗದಷ್ಟು ಸುಟ್ಟರೆ ಅಥವಾ ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿಬಿಡಿ. ಮತ್ತೆ ಹಾಕಿ ನೋಡುವ ಪ್ರಯೋಗ ಬೇಡ.

ಮಧ್ಯಮ ವಾಲ್ಯೂಮ್‌ನಲ್ಲಿ ಒಂದೇ ಒಂದು ಸ್ವರಕ್ಕೆ ಮಾತ್ರ ಏನೋ ಅದುರುತ್ತಿದ್ದರೆ ಸೆಟ್ಟನ್ನು ಬೈಯುವ ಮೊದಲು ಕೋಣೆ ಹುಡುಕಿ. ಟೋನ್ ಆ್ಯಪಿನಲ್ಲಿ ಅದೇ ಸ್ವರ ನಿಲ್ಲಿಸಿಟ್ಟು ಕಿಟಕಿಯ ಚಿಲಕ, ಕಪಾಟಿನ ಬಾಗಿಲು, ಗೋಡೆಯ ಫೋಟೊ, ಟ್ಯೂಬ್‌ಲೈಟ್ ಪಟ್ಟಿ ಒಂದೊಂದನ್ನೂ ಕೈಯಿಂದ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದಕ್ಕೊಂದು ಚೂರು ರಬ್ಬರ್ ಅಂಟಿಸಿ.